ಹೊಸ್ತಿಲಿಲ್ಲದ ಬಂಗಲೆ

ನಾನು ಬಂಗಲೆ ಕೊಂಡದ್ದು ಬುದ್ಧಿಗೆಟ್ಟು ಅಲ್ಲ. ಇದ್ದಬದ್ದ ಬುದ್ಧಿಯನ್ನೆಲ್ಲ ಒಟ್ಟುಹಾಕಿ, ನಿದ್ದೆಗೆಟ್ಟು ಯೋಚನೆ ಮಾಡಿ, ಪಂಚಾಂಗ ತೆಗೆಸಿ ನೋಡಿ, ಒಂದು ಒಳ್ಳೇ ಸೋಮವಾರ ಕೊಂಡೆ. ಅಷ್ಟು ಬುದ್ಧಿ ಸೇರಿ ಮಾಡಿದ ಕೆಲಸ ಇದು ಎನ್ನುವುದಾದರೆ ದಡ್ಡರೇ ಎಷ್ಟೋ ವಾಸಿ ಎಂದು ಈಗ ಅನ್ನಿಸುತ್ತದೆ.

ನನ್ನ ಹೆಸರು ಗುರುಮಲ್ಲಪ್ಪ. ಕಂಪಲಾಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರ. ಪಿರಿಯಾಪಟ್ಟಣದಿಂದ ಹುಣಸೂರಿನವರೆಗೆ ಸಂತೆಗಳಲ್ಲಿ ನನ್ನ ಮಾತಿಗೆ ತೂಕವಿತ್ತು. ಮನೆಯಲ್ಲಿ ಇರಲಿಲ್ಲ, ಅದು ಬೇರೆ ವಿಷಯ. ನಮ್ಮಪ್ಪ ಕಟ್ಟಿಸಿದ ಹೆಂಚಿನ ಮನೆ, ಮುಂದೆ ಜಗುಲಿ, ಹಿಂದೆ ಹಿತ್ತಲು. ಏನೂ ಕೊರತೆಯಿರಲಿಲ್ಲ. ಕೊರತೆ ಶುರುವಾದದ್ದು ಮಗಳು ಸುಂದ್ರಮ್ಮನನ್ನು ಕೃಷ್ಣರಾಜನಗರಕ್ಕೆ ಕೊಟ್ಟ ಮೇಲೆ. ಬೀಗರು ಶಿವನಂಜಪ್ಪನವರದು ಮಹಡಿ ಮನೆ. ಮದುವೆ ಮಾತುಕತೆಗೆ ಹೋದ ದಿನ ಆ ಮನುಷ್ಯ ನನ್ನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ, ಮೇಲೆ ನಿಲ್ಲಿಸಿ, “ಗಾಳಿ ಎಂಗೆ ಬತ್ತದೆ ನೋಡಿ ಬೀಗ್ರೇ” ಅಂದರು. ಗಾಳಿ ಚೆನ್ನಾಗಿಯೇ ಬರುತ್ತಿತ್ತು. ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದಕ್ಕೆ ಅದು ಇನ್ನಷ್ಟು ಊದಿತು.

ಐವತ್ತನಾಲ್ಕನೇ ಇಸವಿಯಲ್ಲಿ ಮಾವಿನಕೆರೆ ಬಂಗಲೆ ಮಾರಾಟಕ್ಕಿದೆ ಎಂದು ಕಿವಿಗೆ ಬಿತ್ತು. ನಮ್ಮಪ್ಪನ ಮನೆಯನ್ನು ದಾಯಾದಿಯೊಬ್ಬನಿಗೆ ಕೊಟ್ಟು, ಬಂಗಲೆ ಬರೆಸಿಕೊಂಡು, ಎಲ್ಲ ಮುಗಿದ ಮೇಲೆ ಹೆಂಡತಿಗೆ ಹೇಳಿದೆ. ನನ್ನ ಹೆಂಡತಿ ಪುಟ್ಟಮಲ್ಲಮ್ಮ ಬೆಟ್ಟದಪುರದ ಕಡೆಯವಳು. ಬೇರೆಯವರ ಹೆಂಡಿರು ಸಿಟ್ಟು ಬಂದರೆ ಕೂಗುತ್ತಾರೆ. ಇವಳಿಗೆ ಸಿಟ್ಟು ಬಂದರೆ ದನಿ ಇಳಿಯುತ್ತದೆ. ಅವತ್ತು ಎಷ್ಟು ಇಳಿಯಿತೆಂದರೆ ಏನಂದಳು ಎಂದೇ ನನಗೆ ಕೇಳಿಸಲಿಲ್ಲ. ಒಪ್ಪಿದಳು ಎಂದುಕೊಂಡೆ.

ಬಂಗಲೆಯ ವಿಷಯ ಹೇಳಬೇಕು. ಅದನ್ನು ಕಟ್ಟಿಸಿದವನು ಬ್ರೆನನ್ ಎಂಬ ದೊರೆ, ನಮ್ಮಜ್ಜನ ಕಾಲದಲ್ಲಿ. ಕಾಫಿ ತೋಟ ಮಾಡುತ್ತೇನೆಂದು ಬಂದನಂತೆ. ನಮ್ಮ ಬಯಲಲ್ಲಿ ಕಾಫಿ ಏಳಲಿಲ್ಲ. ತೋಟ ಏಳುವುದರೊಳಗೆ ಮನೆ ಎದ್ದುಬಿಟ್ಟಿತ್ತು. ಮಾವಿನಕೆರೆಗೆ ಮುಖ, ರಸ್ತೆಗೆ ಬೆನ್ನು. ಬಂದ ನೆಂಟರು ಮೊದಲು ನೋಡುವುದು ಮನೆಯ ಬೆನ್ನನ್ನೇ. ಕೆರೆಯ ಕಡೆ ಉದ್ದಕ್ಕೆ ಜಗುಲಿ, ತಬ್ಬಿದರೆ ಕೈ ಕೂಡದ ಗುಂಡು ಕಂಬಗಳು, ಮೇಲೆ ಮಂಗಳೂರು ಹೆಂಚು, ಹೆಂಚು ಕಾಣದಂತೆ ಅಡಿಯಲ್ಲಿ ಸುಣ್ಣ ಬಳಿದ ಬಟ್ಟೆಯ ಚಾವಣಿ. ನಡುಮನೆಯ ಗೋಡೆಯಲ್ಲಿ ಚಳಿ ಕಾಯಿಸುವ ಒಲೆ, ಅದಕ್ಕೊಂದು ಹೊಗೆಗೂಡು. ಪಿರಿಯಾಪಟ್ಟಣದ ಸೀಮೆಯಲ್ಲಿ ಮನೆಯೊಳಗೆ ಚಳಿ ಕಾಯಿಸಬೇಕೆಂದು ಯಾವ ಪುಣ್ಯಾತ್ಮ ಅವನಿಗೆ ಹೇಳಿದನೋ! ಇನ್ನು ಬಾಗಿಲುಗಳು. ಪ್ರತಿ ಕೋಣೆಯಿಂದಲೂ ಹೊರಕ್ಕೆ ಒಂದು ಬಾಗಿಲು. ಕಳ್ಳ ಬಂದರೆ ಯಾವುದರಲ್ಲಿ ನುಗ್ಗಬೇಕೆಂದು ಅವನೇ ತಬ್ಬಿಬ್ಬಾಗಬೇಕು.

ಈ ಚರಿತ್ರೆಯೆಲ್ಲ ನನಗೆ ಹೇಳಿದವನು ಹುಚ್ಚಯ್ಯ. ಅವನು ಬಂಗಲೆಯ ಆಳು. ಹಳೇ ಮಂಚ, ಒಡೆದ ಕನ್ನಡಿ, ಬಾವಿಯ ರಾಟೆ ಇವುಗಳ ಜೊತೆಗೆ ಅವನೂ ನನ್ನ ಪಾಲಿಗೆ ಬಂದಿದ್ದ. ದೊರೆಯ ಹತ್ತಿರ ಕುದುರೆ ತಿಕ್ಕುತ್ತಿದ್ದನಂತೆ. ದೊರೆ ತನ್ನ ದೇಶಕ್ಕೆ ಹೋದ ಮೇಲೆ ಹುಣಸೂರಿನ ಮರದ ಸಾಹುಕಾರರು ಖಾದರ್ ಸಾಹೇಬರು ಕೊಂಡರು. ಅವರ ಮನೆಯ ಹೆಂಗಸರಿಗೆ ಕೆರೆಯ ಮೀನುಗಾರರ ಕಣ್ಣು ಬೀಳಬಾರದೆಂದು ಆ ಜಗುಲಿಯುದ್ದಕ್ಕೂ ತೇಗದ ಜಾಲರಿ ಹೊಡೆಸಿದರು. ಕೆರೆ ನೋಡಲು ಕಟ್ಟಿದ ಮನೆಗೆ ಕೆರೆಯೇ ಕಾಣದಾಯಿತು. ಅವರಾದ ಮೇಲೆ ಪಿಂಚಣಿ ಪಡೆದ ಅಮಲ್ದಾರರು ರಾಮಶೇಷಯ್ಯನವರು. ಅವರು ಮಡಿಯವರು. ಊಟದ ಕೋಣೆಗೆ ನಡುವೆ ಗೋಡೆ ಎಬ್ಬಿಸಿ ಮಡಿ ಅಡುಗೆ ಒಳಗೆ ತಂದರು. ಚಳಿ ಕಾಯಿಸುವ ಒಲೆಗೆ ಎರಡು ಬಾಗಿಲು ಹಚ್ಚಿ ಅದರೊಳಗೆ ದೇವರನ್ನು ಕೂರಿಸಿದರು. ಗಾಳಿ ಬೀಸಿದಾಗಲೆಲ್ಲ ಮೇಲಿನಿಂದ ಮಸಿ ಉದುರಿ, ದೇವರ ಮುಖ ಕಪ್ಪಾಗಿ, ಅಮಲ್ದಾರರು ದಿನಕ್ಕೆರಡು ಸಲ ಅಭಿಷೇಕ ಮಾಡಬೇಕಾಗುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಮೈಸೂರಿನಲ್ಲಿದ್ದ ಮಕ್ಕಳು ಮಾರಿದರು. ಕೊಂಡ ಜಾಣ ನಾನು.

“ದೊರೆ ಕೆರೆ ಕಡೆ ಬಾಗ್ಲಲ್ಲಿ ಬತ್ತಿದ್ರು, ಸಾಯೇಬ್ರು ಬಡಗಣ ಬಾಗ್ಲಲ್ಲಿ, ಅಮಲ್ದಾರ್ರು ಬಾವಿ ಕಡೆ ಪಡುವಣ ಬಾಗ್ಲಲ್ಲಿ” ಎಂದ ಹುಚ್ಚಯ್ಯ. “ಬರಾವಾಗ ಎಲ್ಲಾರ್ದೂ ಬ್ಯಾರೆ ಬ್ಯಾರೆ ಬಾಗ್ಲು ಬುದ್ದಿ. ಓಗಾವಾಗ ಎಲ್ಲಾರೂ ಅದೇ ರಸ್ತೇಲೇ ಓದ್ರು.”

“ನಾನು ಓಗಾಕೆ ಬಂದಿಲ್ಲ ಕಣ್ಲಾ” ಎಂದು ಮೀಸೆ ತಿರುವಿದೆ.

“ಅಂಗೇ ಅಂದ್ರು ಅವ್ರೂ” ಎಂದ.

ಪುಟ್ಟಮಲ್ಲಮ್ಮ ಎತ್ತಿನ ಗಾಡಿಯಲ್ಲಿ ಹಿತ್ತಾಳೆ ಹಂಡೆ, ಕೊಪ್ಪರಿಗೆಗಳ ನಡುವೆ ಕೂತು ಬಂದಳು. ಅವಳಿಗೆ ಕಂಬ ತೋರಿಸಬೇಕು, ಗಾಜು ತೋರಿಸಬೇಕು, ದೊರೆ ಮಲಗುತ್ತಿದ್ದ ಕೋಣೆ ತೋರಿಸಬೇಕು ಎಂದು ನಾನು ಹೊಸ ಪಂಚೆ ಉಟ್ಟು ಕಾದಿದ್ದೆ. ಅವಳು ಇಳಿದವಳೇ ಮಡಿಲಿನ ಬಟ್ಟಲಿನಿಂದ ಒಂದು ಹಿಡಿ ಅರಿಸಿನ ತೆಗೆದು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೂತವಳು ನೆಲವನ್ನೇ ನೋಡಿದಳು. ಆ ಕಡೆಯ ನೆಲ ಈ ಕಡೆಗೆ ಸಪಾಟಾಗಿ ಹರಿದುಬಂದಿತ್ತು. ನಡುವೆ ಏನೂ ಇರಲಿಲ್ಲ.

“ಒಸ್ಲೆಲ್ಲಿ?” ಎಂದಳು.

ನಾನೂ ಬಗ್ಗಿ ನೋಡಿದೆ. ನಿಜವೇ. ಬಂಗಲೆಯನ್ನು ಕೊಳ್ಳುವ ಮುಂಚೆ ನಾನು ಸೂರು ನೋಡಿದ್ದೆ, ಗೋಡೆ ಗುದ್ದಿ ನೋಡಿದ್ದೆ, ಬಾವಿಯ ನೀರು ಕುಡಿದು ನೋಡಿದ್ದೆ. ಕಾಲ ಕೆಳಗೆ ನೋಡಿರಲಿಲ್ಲ. ದೊರೆ ಬಾಗಿಲ ಚೌಕಟ್ಟುಗಳನ್ನು ಮೂರೇ ಮರದಲ್ಲಿ ಮುಗಿಸಿದ್ದ. ಎರಡು ಪಕ್ಕಕ್ಕೆ, ಒಂದು ತಲೆಯ ಮೇಲೆ. ಪುಟ್ಟಮಲ್ಲಮ್ಮ ಎದ್ದು ಮನೆಯನ್ನೆಲ್ಲ ಸುತ್ತಿದಳು. ಕಂಬ ನೋಡಲಿಲ್ಲ, ಗಾಜು ನೋಡಲಿಲ್ಲ. ಒಂದೊಂದು ಬಾಗಿಲಿಗೂ ಹೋಗಿ ನೆಲ ನೋಡಿ ಬಂದಳು. ಸಾಹೇಬರೂ ಅಮಲ್ದಾರರೂ ಏನೇನೋ ಸೇರಿಸಿದ್ದರು, ಹೊಸ್ತಿಲು ಮಾತ್ರ ಇಡಿಸಿರಲಿಲ್ಲ. ಅಮಲ್ದಾರರ ಹೆಂಡತಿ ಇಲ್ಲಿಗೆ ಬರುವ ಮೊದಲೇ ತೀರಿಕೊಂಡಿದ್ದರಂತೆ.

“ದೊರೆಗೋಳು ಕಟ್ಸಿದ್ದು ಕಣೆ. ಅವ್ರಿಗೆ ಒಸ್ಲು ಗಿಸ್ಲು ಇಲ್ಲ” ಎಂದೆ.

“ಅವ್ರಿಗಿಲ್ದಿದ್ರೆ ಬುಡಿ. ಬೆಳಿಗ್ಗೆ ಎದ್ದು ನಾನು ಅರಿಸ್ನ ಎಲ್ಲಿಗೆ ಅಚ್ಲಿ? ನಿಮ್ ಅಣೆಗಾ?”

ಇದನ್ನು ತೀರಾ ಮೆಲ್ಲಗೆ ಹೇಳಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಹೆಂಗಸಿನ ದಿನ ಶುರುವಾಗುವುದೇ ಹೊಸ್ತಿಲಿನಿಂದ. ಬೆಳಿಗ್ಗೆ ಅದನ್ನು ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ಒಂದು ಹೂವಿಟ್ಟು ಮುಟ್ಟಿ ನಮಸ್ಕರಿಸಿದ ಮೇಲೆಯೇ ಒಲೆ ಹಚ್ಚುವುದು. ಸಂಜೆ ಅಲ್ಲೇ ದೀಪ. ಮದುವೆಯಾಗಿ ಬಂದಾಗಿನಿಂದ ಪುಟ್ಟಮಲ್ಲಮ್ಮ ಅದನ್ನು ಒಂದು ದಿನವೂ ಬಿಟ್ಟವಳಲ್ಲ. ನಾನು ಅದನ್ನು ದಾಟಿಕೊಂಡು ಓಡಾಡಿದವನೇ ಹೊರತು ಅಲ್ಲೊಂದು ಕೆಲಸ ನಡೆಯುತ್ತಿದೆ ಎಂದು ತಿರುಗಿ ನೋಡಿದವನಲ್ಲ. ಸೊಪ್ಪಿನ ಎಲೆಯಲ್ಲಿ ಹುಳುಕು ಎಲ್ಲಿದೆಯೆಂದು ಕತ್ತಲಲ್ಲೂ ಹೇಳುತ್ತೇನೆಂದು ಜಂಬ ಕೊಚ್ಚುವ ಮನುಷ್ಯ ನಾನು.

ಬಂಗಲೆಯ ಹಿಂದೆ, ರಸ್ತೆ ಪೂರ್ವಕ್ಕೆ ತಿರುಗುವ ಮೂಲೆಯಲ್ಲಿ, ದೊರೆಯ ಬಟ್ಲರನ ಅಡುಗೆಮನೆ ಬೇರೆಯಾಗಿಯೇ ಇತ್ತು. ಹೊಗೆ, ವಾಸನೆ ಬರಬಾರದೆಂದು ದೊರೆಗಳು ಅಡುಗೆಮನೆಯನ್ನು ಹಾಗೆ ದೂರ ಕಟ್ಟಿಸುತ್ತಿದ್ದರಂತೆ. ಅದಕ್ಕೆ ದೊರೆ ನಕ್ಷೆ ಬರೆದಿರಲಿಲ್ಲ, ಯಾರೋ ಊರ ಗಾರೆಯವರು ತಮಗೆ ತೋಚಿದಂತೆ ಕಟ್ಟಿದ್ದರು. ನಾಡಹೆಂಚು, ಗಿಡ್ಡ ಬಾಗಿಲು, ನೆಲಕ್ಕೆ ಹೂತ ಒರಳು, ಮೂಲೆಯಲ್ಲಿ ಹಂಡೆ ಒಲೆಯ ಬಚ್ಚಲು. ಮತ್ತು ಪೂರ್ವಕ್ಕೆ ಮುಖ ಮಾಡಿ ಕಲ್ಲಿನ ಹೊಸ್ತಿಲು. ಪುಟ್ಟಮಲ್ಲಮ್ಮ ಅದರ ಮುಂದೆ ಕೂತಳು. ಮುಷ್ಟಿಯಲ್ಲಿ ಬೆವತು ಮುದ್ದೆಯಾಗಿದ್ದ ಅರಿಸಿನವನ್ನು ಅದಕ್ಕೆ ಬಳಿದಳು. ಗಾಡಿಯ ಸಾಮಾನನ್ನೆಲ್ಲ ಅಲ್ಲಿಗೆ ಇಳಿಸಿ ಎಂದಳು. ಅವತ್ತಿನಿಂದ ಅವಳು ಅಲ್ಲಿ, ನಾನು ಬಂಗಲೆಯಲ್ಲಿ. ಗಂಡ ಹೆಂಡಿರ ನಡುವೆ ಒಂದು ಅಂಗಳ.

ಊಟಕ್ಕೆ ಹೋಗುತ್ತಿದ್ದೆ, ತಿಂದು ಬರುತ್ತಿದ್ದೆ. ಮಲಗಲು ಮಾತ್ರ ದೊರೆಯ ಕೋಣೆಯೇ. ಸೋಲೊಪ್ಪಿಕೊಳ್ಳಬಾರದಲ್ಲ! ಎರಡು ದಿನ ಬಿಟ್ಟರೆ ಅವಳೇ ಬರುತ್ತಾಳೆ ಎಂದುಕೊಂಡೆ. ಎರಡು ದಿನ ಹೋಗಿ ಎರಡು ತಿಂಗಳಾಯಿತು. ಅಷ್ಟರಲ್ಲಿ ಕೃಷ್ಣರಾಜನಗರದಿಂದ ಸುದ್ದಿ ಬಂತು, ಸುಂದ್ರಮ್ಮ ಬಸುರಿ. ಚೊಚ್ಚಲು. ಬಾಣಂತನಕ್ಕೆ ತವರಿಗೆ ಬರಬೇಕು. ನಾನು ತಡಮಾಡದೆ ಬೀಗರಲ್ಲಿಗೆ ಓಡಿ, ಬಸ್ ನಿಲ್ದಾಣದ ಹೋಟೆಲಿನಲ್ಲಿ ಹತ್ತು ಜನಕ್ಕೆ ಕೇಳುವಂತೆ, “ಮೊಮ್ಮಗ ಉಟ್ಟಾದು ದೊರೆ ಮಲಗ್ತಿದ್ದ ಕೋಣೇಲಿ ಬೀಗ್ರೇ. ಕಣ್ಣು ಬುಟ್ರೆ ಕೆರೆ ಕಾಣ್ತದೆ” ಎಂದು ಹೇಳಿ ಬಂದೆ. ಜಾಲರಿಯ ವಿಷಯ ಹೇಳಲಿಲ್ಲ.

ಪುಟ್ಟಮಲ್ಲಮ್ಮನಿಗೆ ಇದನ್ನು ಹೇಳಿದಾಗ ಅವಳು ರಾಗಿ ಬೀಸುತ್ತಿದ್ದಳು. ಬೀಸುವುದು ನಿಲ್ಲಿಸಲಿಲ್ಲ.

“ಒಸ್ಲಿರಾ ಬಾಗ್ಲು ನಿಲ್ಸಿ. ನಾನೂ ಬತ್ತೀನಿ, ಮಗ್ಳೂ ಬತ್ತಾಳೆ. ಇಲ್ದಿದ್ರೆ ಬಾಣ್ತನ ಇಲ್ಲೇಯ.”

“ಬಟ್ಲರ್ ಅಡಿಗೆಮನೇಲಾ? ಬೀಗ್ರು ನನ್ ಮಕಕ್ಕೆ ಉಗೀತಾರೆ ಕಣೆ!”

“ಒಸ್ಲಿಲ್ದಿರಾ ಜಾಗ್ದಲ್ಲಿ ನನ್ ಮಗ್ಳು ಎರಾಕಿಲ್ಲ” ಎಂದಳು. ಅಷ್ಟೇ. ಕಲ್ಲು ಗರಗರ ತಿರುಗುತ್ತಲೇ ಇತ್ತು.

ಆಗಲಿ, ಒಂದು ಮರದ ತುಂಡು ತಾನೇ ಎಂದುಕೊಂಡು ಬಡಗಿ ಸಿದ್ದಾಚಾರಿಯನ್ನು ಕರೆಸಿದೆ. ಅವನು ಬಂದು ತಲೆಯಾಡಿಸಿದ. ಇದ್ದ ಚೌಕಟ್ಟಿಗೆ ಕೆಳಗೊಂದು ಮರ ತುರುಕಿದರೆ ಅದು ಹೊಸ್ತಿಲಾಗುವುದಿಲ್ಲವಂತೆ. ಗೋಡೆ ಒಡೆದು, ನಾಲ್ಕು ಮರದ ಹೊಸ ಬಾಗಿಲುವಾಡ ಮಾಡಿ, ಹೊಸ್ತಿಲಿನ ಅಡಿಗೆ ನವಧಾನ್ಯ, ಚೂರು ಚಿನ್ನ ಇಟ್ಟು, ಮುಹೂರ್ತ ನೋಡಿ ನಿಲ್ಲಿಸಬೇಕು. ಯಾವ ಬಾಗಿಲಿಗೆ? ಕೆರೆಯ ಕಡೆಯದು ತೆಂಕಣ ದಿಕ್ಕು, ಬೇಡವೇ ಬೇಡ ಎಂದಳು ಪುಟ್ಟಮಲ್ಲಮ್ಮ. ಪೂರ್ವದ್ದೇ ಆಗಬೇಕು. ಪೂರ್ವದ ಬಾಗಿಲೆಂದರೆ ಬಟ್ಲರನು ದೊರೆಗೆ ಸಾರು ಹೊತ್ತು ತರುತ್ತಿದ್ದ ಹಿಂಬಾಗಿಲು! ನನ್ನ ಬಂಗಲೆಗೆ ಹಿಂಬಾಗಿಲೇ ತಲೆಬಾಗಿಲಾಯಿತು. ಬೇರೆ ದಾರಿಯಿಲ್ಲದೆ ಒಪ್ಪಿದೆ.

ಒಪ್ಪಿದ್ದಕ್ಕೆ ಪ್ರತಿಯಾಗಿ ನನ್ನದೂ ಏನಾದರೂ ಇರಬೇಕಲ್ಲ! ಹಿಂಬಾಗಿಲೇ ಆಗಲಿ, ಸುತ್ತ ಏಳು ಹಳ್ಳಿಯಲ್ಲಿ ಅಂಥ ಬಾಗಿಲು ಇರಕೂಡದು ಎಂದು ಹಟ ಹಿಡಿದೆ. ಹೊನ್ನೆ ಮರ ತರಿಸಿದೆ. ಮೇಲೆ ನಂದಿ, ಪಕ್ಕದಲ್ಲಿ ಗಿಳಿ, ಬಳ್ಳಿ ಎಲ್ಲ ಕೆತ್ತಿಸಿದೆ. ಹೊಸ್ತಿಲು ಮಾತ್ರ ಗೇಣೆತ್ತರ ಇರಬೇಕು, ರಸ್ತೆಯಲ್ಲಿ ನಿಂತವರಿಗೂ ಕಾಣಬೇಕು ಎಂದೆ.

“ಸಾವ್ಕಾರ್ರೇ, ನಾಕು ಬೆಳ್ಳು ಸಾಕು” ಎಂದ ಸಿದ್ದಾಚಾರಿ. “ಇದು ಮನೆ. ದನ ಆಚೆಗೋಗ್ದಂಗೆ ಅಡ್ಡ ಆಕಾ ಕೊಟ್ಗೆ ಅಲ್ಲ.”

“ನಿನ್ ಕೈಲಾಗ್ದಿದ್ರೆ ಯೋಳ್ಲಾ ಆಚಾರಿ, ಉಣ್ಸೂರಿಂದ ಕರೆಸ್ತೀನಿ.”

ಅವನು ಗೇಣೆತ್ತರವೇ ಮಾಡಿದ. ಅವನಿಗೇನು ಬೇನೆ? ದಾಟಬೇಕಾದವನು ನಾನು.

ಗೃಹಪ್ರವೇಶಕ್ಕೆ ಊರೆಲ್ಲ ಬಂತು. ಬೀಗರು ಬಸ್ಸಿಳಿದು, ರಸ್ತೆಯಿಂದಲೇ ಬಾಗಿಲು ನೋಡಿ ಕ್ಷಣ ನಿಂತರು. ನಿಂತದ್ದನ್ನು ನಾನು ನೋಡಿದೆ. ನೋಡಿದೆನೆಂಬುದನ್ನು ಅವರು ನೋಡಲೆಂದು ಇನ್ನೊಂದು ಸಲ ನೋಡಿದೆ. ತಲೆಗೆ ಜರಿಪೇಟ, ನೆಲ ಗುಡಿಸುವಷ್ಟು ಇಳಿಬಿಟ್ಟ ಅಂಚಿನ ಪಂಚೆ, ಹೆಗಲಿಗೆ ಶಲ್ಯ. ಪುಟ್ಟಮಲ್ಲಮ್ಮ ಕಳಶ ಹಿಡಿದು ನನ್ನ ಎಡಕ್ಕೆ ನಿಂತಿದ್ದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವಿತ್ತು. ಹೊಸ್ತಿಲಿಗೆ ತಾನೇ ಅರಿಸಿನ ಬಳಿದು, ಮಾವಿನೆಲೆ ಕಟ್ಟಿದ್ದಳು. ಅದನ್ನು ನೋಡಿ ನನಗೂ ಒಳಗೊಳಗೇ ಹಿಗ್ಗು. ಹೆಂಡತಿ ಮನೆಗೆ ಬರುತ್ತಿದ್ದಾಳೆ ಎಂದು ಅಷ್ಟು ವಯಸ್ಸಿನಲ್ಲಿ ಹೊಸ ಮದುವೆಗಂಡಿನಂತೆ ನಿಂತಿದ್ದೆ.

ಮೊದಲು ಹಸುವನ್ನು ದಾಟಿಸಬೇಕು. ಹಸು ಹೊಸ್ತಿಲಿನ ಮುಂದೆ ಬಂದು, ಮೂಸಿ, ಹಿಂದಕ್ಕೆ ಹೆಜ್ಜೆಯಿಟ್ಟಿತು. ತಳ್ಳಿದರು, ಎಳೆದರು. ಕೊನೆಗೆ ಒಂದೇ ನೆಗೆತಕ್ಕೆ ಒಳಗೆ ಹಾರಿ ಯಾರದೋ ಕಾಲು ತುಳಿಯಿತು. “ದನದ ಬುದ್ದಿ!” ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ನಮ್ಮ ಸರದಿ. ಬಲಗಾಲು ಮುಂದಿಡಿ ಎಂದರು ಪೂಜೆಗೆ ಬಂದಿದ್ದ ಅಯ್ಯನವರು. ಇಟ್ಟೆ. ಅದು ಚೆನ್ನಾಗಿಯೇ ದಾಟಿತು. ಎಡಗಾಲಿನ ವಿಷಯ ಅಯ್ಯನವರು ಏನೂ ಹೇಳಿರಲಿಲ್ಲ. ನಾನು ಬೀಗರ ಕಡೆ ತಿರುಗಿ, ಕೆತ್ತನೆ ನೋಡಿದರೋ ಇಲ್ಲವೋ ಎಂದು ನೋಡುತ್ತಿದ್ದೆ. ಎಡಗಾಲು ಪಂಚೆಯ ಅಂಚಿಗೆ ಸಿಕ್ಕಿತು, ಅಂಚು ಹೊಸ್ತಿಲಿಗೆ ಸಿಕ್ಕಿತು. ಜರಿಪೇಟ ಒಂದು ಕಡೆ ಉರುಳಿತು, ನಾನು ಇನ್ನೊಂದು ಕಡೆ. ಒಣಸೌದೆ ಮುರಿದ ಸದ್ದು ಕೇಳಿ ಯಾರದಪ್ಪಾ ಎಂದುಕೊಂಡೆ. ನನ್ನ ಕಾಲೇ.

ಓಲಗ ನಿಂತಿತು. ಪ್ರವೇಶದ ದಿನ ಯಜಮಾನ ಹೊಸ್ತಿಲಿಗೆ ಎಡವುವುದೇ ಅಪಶಕುನ. ಇನ್ನು ಬಿದ್ದು ಕಾಲು ಮುರಿದುಕೊಂಡರೆ ಅದಕ್ಕೆ ಹೆಸರೇ ಇಲ್ಲ. ಪುಟ್ಟಮಲ್ಲಮ್ಮ ಇನ್ನೂ ಆಚೆಯೇ ನಿಂತಿದ್ದಳು. ಕಳಶವನ್ನು ನೆಲಕ್ಕಿಟ್ಟಳು. ನನ್ನ ಬಳಿಗೆ ಹೊಸ್ತಿಲು ದಾಟಿ ಬರಲಿಲ್ಲ, ಬಂಗಲೆ ಸುತ್ತಿ ಕೆರೆಯ ಕಡೆಯ ಬಾಗಿಲಿನಿಂದ ಓಡಿಬಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಏನಾಯ್ತು, ಎಲ್ಲಿ ನೋವು, ಎಲ್ಲಿ ನೋವು?” ಎಂದು ಅತ್ತಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನನ್ನು ದೊರೆಯ ಮಂಚದ ಮೇಲೆ ಮಲಗಿಸಿ, ನಾಟಿ ವೈದ್ಯ ಬಂದು ಬಿದಿರ ದಬ್ಬೆ ಕಟ್ಟಿ ಹೋದ ಮೇಲೆ ಅವಳ ದನಿ ಮತ್ತೆ ಇಳಿಯಿತು.

“ಬನ್ನಿ, ಅಲ್ಲಿಗೋಗವ. ನಾಕ್ ಜನ ಎತ್ಕೊಂಡ್ ಬತ್ತಾರೆ. ಇಲ್ಲಿ ನೀವೊಬ್ರೇ ಬ್ಯಾಡ.”

“ಬಟ್ಲರ್ ಅಡಿಗೆಮನೇಲಿ ಗುರುಮಲ್ಲಪ್ಪ ಮಲಗಾದಾ? ಸತ್ರೂ ಬರಾಕಿಲ್ಲ.”

“ಬುಡ್ತು ಅನ್ನಿ!” ಎಂದಳು. ನಾನು ಅನ್ನಲಿಲ್ಲ.

ಹೀಗೆ ನಮ್ಮ ಸಂಸಾರ ನಡೆಯಿತು. ಹೊತ್ತುಹೊತ್ತಿಗೆ ಅವಳು ತಟ್ಟೆ ಹಿಡಿದು ಬರುವಳು. ಹೊನ್ನೆಮರದ ಬಾಗಿಲಿನ ಕಡೆ ಕಣ್ಣೆತ್ತಿ ನೋಡದೆ, ಬಂಗಲೆ ಸುತ್ತಿ ಕೆರೆಯ ಕಡೆಯಿಂದ ಬರುವಳು. “ಅದೂ ಬಾಗ್ಲೇ ಅಲ್ವೇನೇ?” ಎಂದರೆ, “ಒಸ್ಲಿಲ್ದಿದ್ದು ಬಾಗ್ಲೆಂಗಾದಾತು? ಗ್ವಾಡೇಲಿರಾ ತೂತು” ಎನ್ನುವಳು. ತುತ್ತು ಕಲಸಿ ಕೊಟ್ಟು, ಬೆನ್ನು ಒರೆಸಿ, ಮೈಗೆ ಎಣ್ಣೆ ಹಚ್ಚಿ, ಸಂಜೆ ದೀಪದ ಹೊತ್ತಿಗೆ ಹೋಗಿಬಿಡುವಳು. ಹೋಗುವಾಗ ಒಂದು ಗಳಿಗೆ ನಿಲ್ಲುವಳು. “ಬತ್ತೀರಾ?” ಎಂದು ಕೇಳುವಳು. ನಾನು ಗೋಡೆಯ ಕಡೆ ಹೊರಳುತ್ತಿದ್ದೆ. ಹೊರಳಿದರೆ ಕಾಲು ಜೀವ ಹೋಗುವಂತೆ ನೋಯುತ್ತಿತ್ತು, ಆದರೂ ಹೊರಳುತ್ತಿದ್ದೆ.

ಮಂಚದ ಮೇಲಿಂದ ಜಾಲರಿಯ ಸಂದಿಯಲ್ಲಿ ಕೆರೆ ನೋಡುವುದೊಂದೇ ನನಗುಳಿದ ಕೆಲಸ. ಕೆರೆಯನ್ನು ಎಷ್ಟು ಹೊತ್ತು ನೋಡಲು ಸಾಧ್ಯ, ನೀವೇ ಹೇಳಿ! ದೊರೆ ಸುಮ್ಮನೆ ಕೂತು ಬಾತುಕೋಳಿ ಹೊಡೆಯುತ್ತಿದ್ದನೆಂದು ಹುಚ್ಚಯ್ಯ ಹೇಳಿದ್ದ. ಬಾತುಕೋಳಿಯ ಮೇಲೆ ಅವನಿಗೆ ಏನು ದ್ವೇಷವೋ ಎಂದುಕೊಂಡಿದ್ದೆ. ದ್ವೇಷವಲ್ಲ, ಬೇಸರ.

ಸುಂದ್ರಮ್ಮ ಬಂದಳು. ಬಂದವಳು ನನ್ನ ಮಂಚದ ಪಕ್ಕ ಕೂತು, “ಅಪ್ಪಾಜಿ, ನೀವೂ ಆ ಕಡೇಕೆ ಬನ್ನಿ” ಎಂದಳು. “ಮೊದ್ಲು ನೀನು ಈ ಕಡೇಕೆ ಬಾ” ಎಂದೆ. ಅವಳು ತಾಯಿಯ ಮುಖ ನೋಡಿದಳು. ಆ ಮನೆಯಲ್ಲಿ ನನ್ನ ಮುಖ ನೋಡುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಓಡಾಟ ಕೇಳಿಸಿತು. ಸೂಲಗಿತ್ತಿ ಸೋಮಮ್ಮನ ದನಿ, ಹಂಡೆಯ ಸದ್ದು, ಬಿಸಿನೀರು ತಾ ಎಂಬ ಕೂಗು. ನಡುನಡುವೆ ಮಗಳು ನರಳುವುದು. ನಾನು ಮಂಚ ಹಿಡಿದುಕೊಂಡು ಬೆವತೆ. ದಬ್ಬೆ ಕಟ್ಟಿದ ಕಾಲು ನೆಲಕ್ಕಿಡಲು ಹೋಗಿ, ಕಣ್ಣು ಕತ್ತಲೆ ಬಂದು ಮತ್ತೆ ಬಿದ್ದುಕೊಂಡೆ. ಶಿವನೇ, ಬಂಗಲೆಯೂ ಬೇಡ, ಬೀಗರೂ ಬೇಡ, ನನ್ನ ಮಗಳನ್ನು ಉಳಿಸಪ್ಪಾ ಎಂದು ಎದೆಯ ಮೇಲಿನ ಲಿಂಗವನ್ನು ಬಿಗಿಹಿಡಿದು ಬೇಡಿಕೊಂಡೆ. ಆಮೇಲೆ ಸಣ್ಣದೊಂದು ಅಳು ಬಂತು. ಬಂಗಲೆಯ ಅಷ್ಟೂ ಬಾಗಿಲುಗಳಿಂದ ಒಟ್ಟಿಗೆ ಒಳಗೆ ಬಂತು.

“ಏನ್ಲಾ? ಗಂಡಾ ಎಣ್ಣಾ?” ಎಂದು ಕೂಗಿದೆ.

“ಎಣ್ಣು ಬುದ್ದಿ. ತಾಯಿ ಮಗು ಇಬ್ರೂ ಗಟ್ಟಿ” ಎಂದು ಹುಚ್ಚಯ್ಯ ಜಾಲರಿಯಾಚೆಯಿಂದ ಹೇಳಿದ. “ನಿಮ್ಮಂಗೇ ಅಣೆ ಗಂಟಾಕ್ಕೊಂಡದಂತೆ.”

ಮಗುವನ್ನು ತನ್ನಿ ಎಂದೆ. ಹಸಿಗೂಸು ಆಚೆ ಬರುವಂತಿಲ್ಲ, ತೊಟ್ಟಿಲಿಗೆ ಹಾಕುವವರೆಗೂ ಕಾಯಿರಿ ಎಂದಳು ಪುಟ್ಟಮಲ್ಲಮ್ಮ. ಆಮೇಲಾದರೂ ತರುತ್ತೀಯಾ ಎಂದರೆ, ನೀವು ಬಿದ್ದ ಹೊಸ್ತಿಲನ್ನು ಮಗುವಿಗೆ ದಾಟಿಸಲಾರೆ ಎಂದಳು. ಹಾಗಾದರೆ ಕೆರೆಯ ಕಡೆಯಿಂದ ತಾ ಎಂದೆ.

“ಮೊದಲ್ನೇ ಸಲ ಮಗು ಮನೆಗ್ ಬರಾದು ಗ್ವಾಡೆ ತೂತಲ್ಲಾ?”

ಇದಕ್ಕೆ ಯಾವ ವಕೀಲನ ಬಳಿ ಉತ್ತರವಿದೆ? ನಾನು ಕಟ್ಟಿಸಿದ ಬಾಗಿಲು ಕೆಟ್ಟದ್ದು, ದೊರೆ ಕಟ್ಟಿಸಿದ್ದು ಬಾಗಿಲೇ ಅಲ್ಲ.

ತೊಟ್ಟಿಲು ಶಾಸ್ತ್ರದ ದಿನ ಹಟಕ್ಕೆ ಬಿದ್ದು ನಡುಮನೆಗೆ ಜಮಖಾನ ಹಾಸಿಸಿದೆ. ಬೀಗರು ಬರುತ್ತಾರೆ, ನಾಲ್ಕು ಜನ ದೊಡ್ಡವರು ಬರುತ್ತಾರೆ. ಇಂಥ ನಡುಮನೆ ಬಿಟ್ಟು ಅವರೆಲ್ಲ ಮಸಿ ಹಿಡಿದ ಅಡುಗೆಮನೆಗೆ ಹೋಗುತ್ತಾರೆಯೇ? ಇಲ್ಲೇ ಸೇರುತ್ತಾರೆ, ಪುಟ್ಟಮಲ್ಲಮ್ಮ ಬೇರೆ ದಾರಿಯಿಲ್ಲದೆ ಮಗುವನ್ನು ಇಲ್ಲಿಗೇ ತರುತ್ತಾಳೆ. ಇಸ್ತ್ರಿ ಅಂಗಿ ತೊಟ್ಟು, ದೊರೆಯ ಉದ್ದ ಕೈಯ ಆರಾಮ ಕುರ್ಚಿಯಲ್ಲಿ ಕಾಲು ನೀಡಿ ಕೂತು ಕಾದೆ. ಬಸ್ಸು ಬಂತು. ಗಾಡಿಗಳು ಬಂದವು. ಜನದ ಗಲಗಲ ರಸ್ತೆಯಿಂದ ಅಂಗಳಕ್ಕೆ ಬಂತು, ಅಂಗಳದಿಂದ ಅಡುಗೆಮನೆಗೆ ಹೋಯಿತು. ಬಿಸಿ ಒಬ್ಬಟ್ಟಿನ ವಾಸನೆ ಬಂತು. ಹೆಂಗಸರು ಹಾಡು ಶುರುಮಾಡಿದರು. ಜಮಖಾನದ ಮೇಲೆ ಒಂದು ಬೆಕ್ಕು ಬಂದು ಮಲಗಿತು.

ಕೊನೆಗೆ ಬೀಗರು ಒಬ್ಬರೇ ಬಂದರು. ಹೊನ್ನೆಮರದ ಹೊಸ್ತಿಲನ್ನು ಪಂಚೆ ಎತ್ತಿಕೊಂಡು ಜಾಗರೂಕತೆಯಿಂದ ದಾಟಿ ಬಂದರು. ಇನ್ನೇನು ಚುಚ್ಚುತ್ತಾರೆ ಎಂದು ಹಲ್ಲು ಕಚ್ಚಿಕೊಂಡೆ.

“ಎಷ್ಟ್ ಬಣಗುಟ್ತದಲ್ಲಾ ಬೀಗ್ರೇ ಇಲ್ಲಿ” ಎಂದರು ಸುತ್ತ ನೋಡಿ. “ನಮ್ ಮಾಡೀನೂ ಇಂಗೇ ಕಣ್ರೀ. ಎಲ್ಲಾರೂ ಕೆಳಗೇ ಇರ್ತಾರೆ. ನಾನೊಬ್ನೇ ಮೇಲೆ ಕುಂತು ಗಾಳಿ ತಕಳಾದು.” ಜಮಖಾನದ ಮೇಲಿನ ಬೆಕ್ಕನ್ನು ಒಮ್ಮೆ ನೋಡಿ, “ಮಗೂಗೆ ಎಸ್ರಿಡಾ ಒತ್ತಾಯ್ತು. ತಾತ ಇಲ್ದೆ ಎಂಗೆ? ಬತ್ತೀರಾ?” ಎಂದರು.

ದಿನವೂ ಹೆಂಡತಿ ಕೇಳುತ್ತಿದ್ದ ಮಾತು. ಅವಳಿಗೆ ಹೊರಳಿದಂತೆ ಇವರಿಗೆ ಹೊರಳಲು ಆಗಲಿಲ್ಲ. ಕುರ್ಚಿಯಲ್ಲಿ ಹೊರಳಲು ಜಾಗವೂ ಇರಲಿಲ್ಲ. “ಎತ್ತಿ” ಎಂದೆ.

ಒಂದು ಕಡೆ ಹುಚ್ಚಯ್ಯ, ಇನ್ನೊಂದು ಕಡೆ ಬೀಗರು. ಕುರ್ಚಿ ಸಮೇತ ನನ್ನನ್ನು ಎತ್ತಿ ಅಂಗಳ ದಾಟಿಸಿದರು. ಮಹಡಿಯ ಯಜಮಾನ ಬಂಗಲೆಯ ಯಜಮಾನನನ್ನು ಏದುಸಿರು ಬಿಡುತ್ತ ಹೊರುವುದನ್ನು ಊರೆಲ್ಲ ನೋಡಿತು. ಅಡುಗೆಮನೆಯ ಬಾಗಿಲು ಗಿಡ್ಡ, ಕಿರಿದು. ದೊರೆಯ ಕುರ್ಚಿ ಅಡ್ಡಡ್ಡ ನೋಡಿದರೂ ಉದ್ದುದ್ದ ನೋಡಿದರೂ ಹಿಡಿಸಲಿಲ್ಲ. ನನ್ನನ್ನು ನೆಲಕ್ಕಿಳಿಸಿದರು. ದಣಿವಾರಿಸಿಕೊಳ್ಳೋಣ ಎಂದು ನಾನು ಹೊಸ್ತಿಲಿನ ಮೇಲೆ ಕುಂಡೆಯೂರಲು ಹೋದೆ.

“ಒಸ್ಲು ಮೇಲೆ ಕೂರ್ಬ್ಯಾಡಿ!” ಎಂದು ಒಳಗಿನ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಇನ್ನು ಉಳಿದದ್ದು ಒಂದೇ ದಾರಿ. ಬೆನ್ನು ಒಳಗೆ, ಮುಖ ಹೊರಗೆ ಮಾಡಿ, ಎರಡೂ ಕೈಯೂರಿ, ಕುಂಡೆಯೆತ್ತಿ, ಮುರಿದ ಕಾಲನ್ನು ಎಳೆದುಕೊಂಡು ಹಿಂದಕ್ಕೆ ತೆವಳಿದೆ. ಇಸ್ತ್ರಿ ಅಂಗಿಗೆ ಅರಿಸಿನ ಮೆತ್ತಿತು. ಯಾರೋ ಕಿಸಕ್ಕೆಂದರು. ನಾನೇ ಇರಬೇಕು. ಅಷ್ಟರಲ್ಲಿ ಹಿಂದಿನಿಂದ ಎರಡು ಕೈ ಬಂದು ನನ್ನ ಕಂಕುಳ ಕೆಳಗೆ ಹಿಡಿದವು. “ಮೆಲ್ಲಗೆ, ಮೆಲ್ಲಗೆ” ಎನ್ನುತ್ತ ಪುಟ್ಟಮಲ್ಲಮ್ಮ ನನ್ನನ್ನು ಒಳಗೆಳೆದುಕೊಂಡಳು.

ತಿರುಗಿ ನೋಡಿದೆ. ದೀಪ ಹಚ್ಚಿದ್ದರು. ತೊಟ್ಟಿಲು, ಮಗಳು, ಹೆಂಗಸರ ಗುಂಪು. ಅತ್ತ ಒಲೆಯ ಬೆಚ್ಚನೆಯ ಗೋಡೆಗೆ ಒತ್ತಿ ಒಂದು ಚಾಪೆ ಹಾಸಿತ್ತು. ಅದರ ಮೇಲೆ ಮಡಿಸಿದ ಕಂಬಳಿ, ಮುರಿದ ಕಾಲಿಡುವುದಕ್ಕೆಂದು ಹಳೇ ಸೀರೆ ಸುತ್ತಿ ಮಾಡಿದ ದಿಂಬು, ತಲೆಯ ಬಳಿ ನೀರಿನ ಚೆಂಬು. ಅದರ ಮೇಲೆ ಮುಚ್ಚಿದ ಲೋಟ.

“ಇದ್ಯಾರಿಗೆ ಆಸಿದ್ದೀಯೆ?” ಎಂದೆ.

“ನಿಮ್ಗೇಯ.”

“ಇವತ್ತು ಬತ್ತೀನಿ ಅಂತ ಯಾರು ಯೋಳಿದ್ರು?”

“ಇವತ್ತು ಆಸಿದ್ದಲ್ಲ. ನೀವು ಬಿದ್ದ ದಿವ್ಸದಿಂದ ದಿನಾ ದೀಪ ಅಚ್ಚಿ ಆಸ್ತೀನಿ, ಬೆಳಿಗ್ಗೆ ಸುತ್ತಿ ಮಡಗ್ತೀನಿ” ಎಂದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ ನನ್ನೊಬ್ಬನಿಗೇ ಕೇಳಿಸಿತು. “ಸಂಜೆಯಾದ್ರೆ ಗಂಡ ಮನೆಗ್ ಬರಾಕಿಲ್ವಾ?”

ಬೀಗರ ಎದುರಿಗೆ, ಊರ ಹೆಂಗಸರ ಎದುರಿಗೆ, ನೆಲದ ಮೇಲೆ ಕೂತು ನಾನು ಅತ್ತುಬಿಟ್ಟೆ. ತಡೆಯಲಿಕ್ಕೆ ಆಗಲಿಲ್ಲ, ತಡೆಯಲೂ ಇಲ್ಲ. ಪುಟ್ಟಮಲ್ಲಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, ಆ ಚಾಪೆಯ ಮೇಲೆ ಕೂರಿಸಿ, ಕಾಲ ಕೆಳಗೆ ದಿಂಬು ಸರಿಮಾಡಿದಳು. ಆಮೇಲೆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು.